ಚಿತ್ರೀಕರಣಕ್ಕೆ ನಮ್ಮ ಮನೆ, ಮಾತಿಗೆ ಬೇರೆಯವರ ದನಿ

ಸೊಪ್ಪಿನಬೆಟ್ಟ (ಶಿರಸಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಳೆದ ಏಪ್ರಿಲ್‌ನಲ್ಲಿ ನಮ್ಮ ಹಳೆಯ ಮನೆಯನ್ನು ಒಂದು ಕನ್ನಡ ಚಿತ್ರದ ಚಿತ್ರೀಕರಣಕ್ಕೆ 11 ದಿನ ಬಿಟ್ಟುಕೊಟ್ಟಿದ್ದೆವು. ಚಿತ್ರದ ಹೆಸರಾಗಲಿ ತಯಾರಿಸಿದವರ ಹೆಸರಾಗಲಿ ಇಲ್ಲಿ ಬೇಡ. ಬಂದವರು ಸಜ್ಜನರೇ; ಮಾತಾಡಿಕೊಂಡ ಬಾಡಿಗೆಯನ್ನು ಹೊರಡುವ ದಿನವೇ ಎಣಿಸಿಕೊಟ್ಟರು. ಅಂಗಳದ ಸಗಣಿ ಸಾರಣೆ ಕಿತ್ತುಹೋದದ್ದು, ಮೆತ್ತಿಯ (ಮಹಡಿಯ) ಕಿಟಕಿಯೊಂದರ ಗಾಜು ಒಡೆದದ್ದು ಬಿಟ್ಟರೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ. ನನ್ನ ಪ್ರಶ್ನೆ ಹುಟ್ಟಿದ್ದು ಆಮೇಲೆ, ಚಿತ್ರ ಬಿಡುಗಡೆಯಾಗಿ ಮನೆಮಂದಿಯೆಲ್ಲ ಶಿರಸಿ ಪೇಟೆಗೆ ಹೋಗಿ ನೋಡಿದಾಗ.

ಒಂದು ದೃಶ್ಯದಲ್ಲಿ ನಮ್ಮ ಅತ್ತೆಯನ್ನೇ ನಿಲ್ಲಿಸಿದ್ದರು. ಪೇಟೆಯಿಂದ ಬಂದ ನಾಯಕ ಜಗಲಿ ಹತ್ತುತ್ತಾನೆ, ಅತ್ತೆ ತಂಬಿಗೆಯಲ್ಲಿ ನೀರು ತಂದಿಟ್ಟು ‘ಆಸ್ರಿಗೆ ಎಂತ ಮಾಡವು?’ (ಕುಡಿಯಲು ಏನು ಮಾಡಬೇಕು?) ಎಂದು ಕೇಳುತ್ತಾರೆ. ಅಷ್ಟೇ ಅವರ ಪಾತ್ರ. ಬಂದವರಿಗೆ ಕುಡಿಯಲು ಕೊಡುವುದಕ್ಕೆ ನಾವು ಹವ್ಯಕರು ಆಸ್ರಿ ಎನ್ನುತ್ತೇವೆಂದು ತಿಳಿದ ನಿರ್ದೇಶಕರಿಗೆ ಆ ಮಾತು ಬಹಳ ಹಿಡಿಸಿ, ಬರೆದುಕೊಂಡು ಬಂದಿದ್ದ ಸಂಭಾಷಣೆಯನ್ನು ಬಿಟ್ಟು ಇದನ್ನೇ ಹೇಳಿಸಿದ್ದರು. ಮೂರು ಟೇಕ್ ಆಯಿತು, ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಆದರೆ ತೆರೆಯ ಮೇಲೆ ಅತ್ತೆಯ ತುಟಿ ಅಲುಗಿದಾಗ ಕೇಳಿಸಿದ್ದು ಯಾರೋ ಎಳೆಯ ಹೆಂಗಸಿನ ದನಿ: ‘ಕುಡಿಯಲಿಕ್ಕೆ ಎಂಥ ಕೊಡ್ಲಿ ಮಾರಾಯ್ರೆ?’ ಅತ್ತೆ ಕತ್ತಲಲ್ಲಿ ನನ್ನ ಕಡೆ ತಿರುಗಿ, ಇದು ಯಾರು ಮಾತಾಡಿದ್ದು ಎಂದು ಕೇಳಿದರು. ಎಪ್ಪತ್ತು ದಾಟಿದ, ಮಂಗಳೂರನ್ನು ಒಮ್ಮೆಯೂ ನೋಡದ ಹೆಂಗಸು ಮಂಗಳೂರಿನ ಕನ್ನಡ ಮಾತಾಡಿಬಿಟ್ಟಿದ್ದರು.

ಅದೇ ಚಿತ್ರದಲ್ಲಿ ಅಡಿಕೆ ಕೊನೆಕೊಯ್ಲಿನ (ಗೊನೆ ಕೊಯ್ಯುವ) ಹಾಡೂ ಇದೆ. ಏಪ್ರಿಲ್‌ನಲ್ಲಿ ಕೊಯ್ಲಿಗೆ ಬಂದ ಕೊನೆ ಎಲ್ಲಿಂದ ಬರಬೇಕು? ಒಣಕೊನೆಗಳಿಗೆ ಹಸಿರು ಬಣ್ಣ ಹೊಡೆದು ಮರಕ್ಕೆ ಕಟ್ಟಿದರು. ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಕೆಳಗೆ ನಿಂತು ನಕ್ಕದ್ದೇ ನಕ್ಕದ್ದು. ಅದನ್ನು ನಾನು ದೂರುವುದಿಲ್ಲ, ಸಿನಿಮಾ ಎಂದಮೇಲೆ ಅಷ್ಟು ಆಟ ಇದ್ದದ್ದೇ. ದನಿಯ ವಿಷಯ ಮಾತ್ರ ಹಾಗೆ ನಕ್ಕು ಬಿಡುವಂಥದ್ದು ಅನ್ನಿಸಲಿಲ್ಲ.

1996ರಲ್ಲಿ ಸುನೀಲ್‌ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೆ’ ಬಂದ ಮೇಲೆ, ಅದರಲ್ಲಿ ಕಂಡ ಬಂಡೆಗಳ ಯಾಣಕ್ಕೆ ಜನ ಹೇಗೆ ಮುಗಿಬಿದ್ದರೆಂಬುದು ನನಗೆ ನೆನಪಿದೆ. ಅದಕ್ಕೂ ಮುಂಚೆ ಶಿವರಾತ್ರಿಯ ಜಾತ್ರೆ ಬಿಟ್ಟರೆ ಅತ್ತ ಕಾಲಿಡುವವರು ಕಡಿಮೆಯಿದ್ದರು. ಅಂದಿನಿಂದ ಇಂದಿನವರೆಗೆ ನಮ್ಮ ಬೆಟ್ಟ, ಜಲಪಾತ, ಕಡಲತೀರ, ತೊಟ್ಟಿಮನೆಗಳು ಎಷ್ಟು ಚಿತ್ರಗಳ ಹಿನ್ನೆಲೆಯಾಗಿ ನಿಂತಿಲ್ಲ! ಹೀಗಿದ್ದೂ ಇಲ್ಲಿಯವರ ಮಾತು ತೆರೆಯ ಮೇಲೆ ಏಕೆ ಉಳಿಯುವುದಿಲ್ಲ, ಇಲ್ಲಿ ಚಿತ್ರೋದ್ಯಮವೆಂಬುದು ಏಕೆ ಬೇರು ಬಿಡಲಿಲ್ಲ ಎಂಬುದನ್ನು ಈ ಕ್ಷೇತ್ರ ಬಲ್ಲವರಿಂದ ತಿಳಿಯುವ ಆಸೆ. ದೀಪಾವಳಿ ಕಳೆದ ಮೇಲೆ ಇನ್ನೊಂದು ತಂಡ ಮನೆ ಕೇಳಿಕೊಂಡು ಬರುವುದಿದೆ. ಅವರೊಡನೆ ಏನು ಮಾತಾಡಿಕೊಳ್ಳಬೇಕೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಕಾಳಿ ಸಂಗಮ (ಕಾರವಾರ) ಉತ್ತರಿಸಿದ್ದು:

ಶಿರಸಿಯವರೇ, ನಾನು ಕಾರವಾರ, ಅಂಕೋಲಾ, ಗೋಕರ್ಣ ಭಾಗಕ್ಕೆ ಬರುವ ತಂಡಗಳಿಗೆ ವಾಹನ, ವಸತಿ, ಪರವಾನಗಿ ಒದಗಿಸುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ನಿಮ್ಮ ಅತ್ತೆಯವರ ದನಿ ಎಲ್ಲಿ ಕಳೆದುಹೋಯಿತೆಂಬುದನ್ನು ನಿಖರವಾಗಿ ಹೇಳಬಲ್ಲೆ.

ನಮ್ಮಲ್ಲಿ ಹೆಚ್ಚಿನ ಚಿತ್ರಗಳಲ್ಲಿ ಸ್ಥಳದಲ್ಲಿ ಹಿಡಿದ ದನಿಯನ್ನು ಹಾಗೆಯೇ ಬಳಸುವುದಿಲ್ಲ. ಅಲ್ಲಿ ರೆಕಾರ್ಡ್ ಆಗುವುದು ಪೈಲಟ್ ಟ್ರ್ಯಾಕ್, ಅಂದರೆ ಆಮೇಲೆ ಡಬ್ಬಿಂಗ್ ಮಾಡುವಾಗ ತುಟಿಗೆ ಮಾತು ಕೂಡಿಸಲು ದಾರಿ ತೋರಿಸುವ ದನಿ. ಒಂದು ಕಡೆ ಜನರೇಟರ್ ಗುಡುಗುತ್ತಿರುತ್ತದೆ, ಇನ್ನೊಂದು ಕಡೆ ಸಹಾಯಕ ನಿರ್ದೇಶಕರು ಕೂಗುತ್ತಿರುತ್ತಾರೆ. ನಿಮ್ಮ ಕಡೆ ಏಪ್ರಿಲ್‌ನಲ್ಲಿ ಜೀರುಂಡೆ, ನಮ್ಮ ಕಡೆ ವರ್ಷವಿಡೀ ಕಡಲ ತೆರೆಯ ಸದ್ದು. ಸ್ಥಳದ ದನಿಯನ್ನೇ ಇಟ್ಟುಕೊಳ್ಳುವ ಸಿಂಕ್ ಸೌಂಡ್ ಪದ್ಧತಿಗೆ ಬೇರೆಯೇ ಶಿಸ್ತು ಬೇಕು: ಒಳ್ಳೆಯ ಮೈಕು, ಅದಕ್ಕೆಂದೇ ಒಬ್ಬ ಧ್ವನಿಗ್ರಾಹಕ, ಮಾತು ಬಾಯಿಪಾಠವಿರುವ ನಟರು, ಎಲ್ಲಕ್ಕಿಂತ ಮೇಲಾಗಿ ಬಾಯಿ ಮುಚ್ಚಿಕೊಂಡಿರುವ ಅರವತ್ತು ಎಪ್ಪತ್ತು ಜನ. ಅದು ಕಷ್ಟವಾದ್ದರಿಂದ ಎಲ್ಲ ಮಾತುಗಳನ್ನೂ ಬೆಂಗಳೂರಿನ ಸ್ಟುಡಿಯೋದಲ್ಲಿ ಮತ್ತೆ ಆಡಿಸುತ್ತಾರೆ. ನಾಯಕ ನಾಯಕಿಯರು ಅಲ್ಲಿಗೆ ಹೋಗುತ್ತಾರೆ. ಒಂದು ಸಾಲಿನ ಮಾತಿಗಾಗಿ ನಿಮ್ಮ ಅತ್ತೆಯವರನ್ನು ಶಿರಸಿಯಿಂದ ಕರೆಸುವ ಬದಲು, ಒಂದೇ ಕೂತಿನಲ್ಲಿ ಹತ್ತು ಚಿಕ್ಕ ಪಾತ್ರಗಳಿಗೆ ದನಿ ಕೊಡುವ ಕಲಾವಿದೆಯೊಬ್ಬರಿಂದ ಮುಗಿಸಿಬಿಡುತ್ತಾರೆ. ಆಕೆಗೆ ‘ಮಾಡವು’ ಎಂಬ ಕ್ರಿಯಾಪದವೇ ಕೇಳಿ ಗೊತ್ತಿರುವುದಿಲ್ಲ. ‘ಕರಾವಳಿ ಕನ್ನಡ’ ಎಂದು ಯಾರೋ ಹೇಳಿರುತ್ತಾರೆ, ಆಕೆ ತನಗೆ ತಿಳಿದ ಕರಾವಳಿಯನ್ನು ಆಡುತ್ತಾಳೆ. ಘಟ್ಟದ ಮೇಲಿನ ಶಿರಸಿ ಕರಾವಳಿಯಲ್ಲ ಎಂಬ ಭೂಗೋಳ ಆ ಗಾಜಿನ ಕೋಣೆಯೊಳಗೆ ಯಾರಿಗೂ ಬೇಕಾಗಿರುವುದಿಲ್ಲ.

ಉದ್ಯಮ ಏಕೆ ಬೇರು ಬಿಡಲಿಲ್ಲ ಎಂಬುದಕ್ಕೂ ಲೆಕ್ಕಾಚಾರವೇ ಕಾರಣ. ಕ್ಯಾಮೆರಾ, ದೀಪ, ಜನರೇಟರ್ ಬಾಡಿಗೆಗೆ ಬರುವಾಗ ಅವುಗಳನ್ನು ನೋಡಿಕೊಳ್ಳುವ ಹುಡುಗರೂ ಯೂನಿಟ್ಟಿನ ಜೊತೆಗೇ ಬರುತ್ತಾರೆ. ಅವರ ಬಾಟಾ, ಅಂದರೆ ದಿನಭತ್ಯೆ, ಆ ಬಾಡಿಗೆಯ ವ್ಯವಹಾರದೊಳಗೇ ಸೇರಿರುತ್ತದೆ. ಊರಿನಲ್ಲಿ ಉಳಿಯುವ ಹಣವೆಂದರೆ ಲಾಡ್ಜು, ಊಟ, ಜೀಪು, ದೋಣಿ, ಮನೆ ಬಾಡಿಗೆ ಮತ್ತು ಗುಂಪಿನಲ್ಲಿ ನಿಲ್ಲುವವರ ದಿನಗೂಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಅದೂ ಇಲ್ಲ. ಮಳೆಯ ದೃಶ್ಯಕ್ಕೆ ನಿಜವಾದ ಮಳೆ ಆಗಿಬರುವುದಿಲ್ಲ, ನಿಲ್ಲು ಎಂದಾಗ ಅದು ನಿಲ್ಲುವುದಿಲ್ಲ, ಕಂಟಿನ್ಯೂಟಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಇರಬೇಕಾದ ಹೊಂದಿಕೆ, ಕೆಡುತ್ತದೆ. ಹಾಗಾಗಿ ಮಲೆನಾಡಿನ ಮಳೆಯನ್ನೂ ಟ್ಯಾಂಕರಿನಿಂದ ಸುರಿಸಿದ್ದನ್ನು ಕಂಡಿದ್ದೇನೆ.

ಪರವಾನಗಿಯದ್ದೂ ಒಂದು ಅಧ್ಯಾಯ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಕ್ಯಾಮೆರಾ ಇಡುವಂತಿಲ್ಲ. ಕಾರವಾರದ ಸುತ್ತ ಒಂದು ಕಡೆ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುವಿದ್ಯುತ್ ಸ್ಥಾವರ ಇರುವುದರಿಂದ ಡ್ರೋನ್ ಹಾರಿಸುವ ಮುನ್ನ ನಕಾಶೆಯಲ್ಲಿ ಕೆಂಪು ವಲಯ ಎಲ್ಲಿದೆಯೆಂದು ನೋಡದೆ ಹೊರಟವರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಬೆಂಗಳೂರಿನಿಂದ ಬಂದವರಿಗೆ ಇವೆಲ್ಲ ತಲೆನೋವಾದ್ದರಿಂದ, ಎರಡು ದಿನ ಸಮುದ್ರವನ್ನು ಸೆರೆಹಿಡಿದುಕೊಂಡು ಉಳಿದದ್ದನ್ನು ಅಲ್ಲಿಯೇ ಸೆಟ್ಟು ಹಾಕಿ ಮುಗಿಸುವವರು ಹೆಚ್ಚು.

ನನ್ನ ಹೊಟ್ಟೆಯುರಿಯೊಂದನ್ನು ಹೇಳಿಬಿಡುತ್ತೇನೆ. ಸದಾಶಿವಗಡದ ಹಳೆಯ ಕಾಳಿ ಸೇತುವೆಯ ಮೇಲೆ ಎಷ್ಟೋ ತಂಡಗಳನ್ನು ನಿಲ್ಲಿಸಿ ಬೆಳಗಿನ ಬಿಸಿಲಿಗಾಗಿ ಕಾಯ್ದಿದ್ದೇನೆ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿಗೆ ಆ ಸೇತುವೆ ನದಿಗೆ ಕುಸಿಯಿತು. ಅದರ ಮೇಲೆ ಯಾರು, ಯಾವಾಗ, ಏನನ್ನು ಚಿತ್ರಿಸಿದರೆಂಬುದಕ್ಕೆ ನನ್ನ ಹತ್ತಿರ ಹರಿದ ಎರಡು ಡೈರಿಗಳನ್ನು ಬಿಟ್ಟರೆ ಏನೂ ಇಲ್ಲ. ದೃಶ್ಯಗಳು ಯಾವುದೋ ಹಾರ್ಡ್‌ಡಿಸ್ಕಿನಲ್ಲಿ ಕೊಳೆಯುತ್ತಿರಬೇಕು.

ಹಳೆ ಆಪರೇಟರ್ (ಕುಮಟಾ) ಉತ್ತರಿಸಿದ್ದು:

ಕಾರವಾರದವರು ಹೇಳಿದ ಲೆಕ್ಕ ಇಂದಿನದು. ಇದರ ಹಿಂದೆ ಇನ್ನೂ ಹಳೆಯ ಲೆಕ್ಕವೊಂದಿದೆ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಾಗ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1862ರಲ್ಲಿ ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿಗೆ ಸೇರಿಸಿದ್ದು, 1956ರ ನವೆಂಬರ್ 1ರವರೆಗೂ ಹಾಗೆಯೇ ಇತ್ತು. ರಾಜ್ಯ ಒಂದಾದ ಮೇಲೂ ಚಿತ್ರ ವಿತರಣೆಯ ನಕಾಶೆ ಒಂದಾಗಲಿಲ್ಲ. ಚಿತ್ರೋದ್ಯಮದ ಕೇಂದ್ರವಾದ ಬೆಂಗಳೂರಿನ ಗಾಂಧಿನಗರದವರ ಲೆಕ್ಕದಲ್ಲಿ ನಾವು ಮುಂಬಯಿ ಕರ್ನಾಟಕದವರು, ನಮಗೆ ಚಿತ್ರ ಬರಬೇಕಾದದ್ದು ಹುಬ್ಬಳ್ಳಿಯ ಕಡೆಯಿಂದ. ಬೆಂಗಳೂರಿನಲ್ಲಿ ಐವತ್ತು ದಿನ ಓಡಿ ಹುಬ್ಬಳ್ಳಿಯಲ್ಲಿ ದಣಿದ ಮೇಲೆ, ಗೆರೆ ಬಿದ್ದ ಪ್ರಿಂಟು ಘಟ್ಟ ಇಳಿದು ನಮ್ಮ ಟಾಕೀಸಿಗೆ ಬರುತ್ತಿತ್ತು.

ನಾನು ಕುಮಟೆಯ ಚಿತ್ರಮಂದಿರವೊಂದರಲ್ಲಿ ಆಪರೇಟರ್ ಆಗಿದ್ದವನು. ಎರಡೂವರೆ ತಾಸಿನ ಚಿತ್ರವೆಂದರೆ ಸುಮಾರು 13,500 ಅಡಿ ಫಿಲ್ಮು, ಸೆಕೆಂಡಿಗೆ 24 ಚೌಕಟ್ಟು. ಎರಡು ಪ್ರೊಜೆಕ್ಟರು, ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ತೆರೆಯ ಬಲಮೂಲೆಯ ಮೇಲ್ಭಾಗದಲ್ಲಿ ಮಿಂಚಿ ಮರೆಯಾಗುವ ಚುಕ್ಕಿ ಕಂಡು ಇನ್ನೊಂದನ್ನು ಚಾಲೂ ಮಾಡಬೇಕು. ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿಗಳು ಉರಿದು ಗಿಡ್ಡವಾದಂತೆಲ್ಲ ಹತ್ತಿರಕ್ಕೆ ತರುತ್ತಿರಬೇಕು, ತಡವಾದರೆ ತೆರೆ ಹಳದಿಯಾಗಿ ಬೆಂಚಿನವರು ಶಿಳ್ಳೆ ಹಾಕುತ್ತಿದ್ದರು. ಒಂದೇ ಪ್ರಿಂಟನ್ನು ಎರಡು ಊರಿನವರು ಹಂಚಿಕೊಂಡ ದಿನಗಳೂ ಇದ್ದವು. ಇಲ್ಲಿ ಇಂಟರ್ವಲ್‌ಗೆ ಮುಂಚಿನ ರೀಲುಗಳು ಮುಗಿದವೆಂದರೆ ಹುಡುಗನೊಬ್ಬ ಪೆಟ್ಟಿಗೆ ಕಟ್ಟಿಕೊಂಡು ಅಂಕೋಲೆಗೆ ಓಡಬೇಕು. ಮಳೆಗಾಲದಲ್ಲಿ ಒಮ್ಮೆ ಬಸ್ಸು ಕೆಟ್ಟು, ಅಂಕೋಲೆಯ ಪ್ರೇಕ್ಷಕರು ಮುಕ್ಕಾಲು ತಾಸು ಜಾಹೀರಾತಿನ ಸ್ಲೈಡುಗಳನ್ನೇ ನೋಡುತ್ತ ಕೂತರಂತೆ.

ಹೀಗೆ ಕೊನೆಯ ಪಾಳಿಯ ಊರಾಗಿದ್ದವರ ರುಚಿಯನ್ನು ಯಾವ ನಿರ್ಮಾಪಕ ಕೇಳುತ್ತಾನೆ? ಕಾರವಾರದ ಮಂದಿರಗಳಿಗೆ ಹಿಂದಿಯೂ ಮರಾಠಿಯೂ ಕನ್ನಡದಷ್ಟೇ ಹತ್ತಿರ, ಮನೆಮಾತು ಕೊಂಕಣಿ. ಭಟ್ಕಳದಲ್ಲಿ ನವಾಯಿತಿ, ಅಂಕೋಲೆಯ ಹಳ್ಳಿಗಳಲ್ಲಿ ಹಾಲಕ್ಕಿ ಕನ್ನಡ, ಘಟ್ಟದ ಮೇಲೆ ಹವ್ಯಕ ಕನ್ನಡ. ಇಷ್ಟೆಲ್ಲ ಮಾತು ಹಂಚಿಹೋದ ಒಂದು ಜಿಲ್ಲೆ ಒಂದು ಮಾರುಕಟ್ಟೆಯಾಗಿ ಯಾರ ಕಣ್ಣಿಗೂ ಬೀಳಲಿಲ್ಲ.

ಇಲ್ಲಿಯ ಮಣ್ಣಿನವರು ಸಿನಿಮಾಕ್ಕೆ ಹೋಗಲಿಲ್ಲವೆಂದು ಮಾತ್ರ ಹೇಳುವಂತಿಲ್ಲ, ಅವರ ದಾರಿ ಮುಂಬಯಿಯ ಮೇಲಿನಿಂದ ಹಾಯ್ದುಹೋಯಿತು. ಹೊನ್ನಾವರದ ನಂಟಿನ ಅನಂತನಾಗ್ ಮತ್ತು ಶಂಕರನಾಗ್ ಸಹೋದರರು ಮುಂಬಯಿಯ ರಂಗಭೂಮಿಯಲ್ಲಿ ಪಳಗಿ ಬಂದವರು. ಗೋಕರ್ಣದ ಜಯಂತ ಕಾಯ್ಕಿಣಿಯವರು ಮುಂಬಯಿಯಲ್ಲಿ ನೌಕರಿ ಮಾಡುತ್ತ ಕಥೆ ಬರೆದವರು. ‘ಮುಂಗಾರು ಮಳೆ’ಯ ಹಾಡಿನಿಂದ ಮನೆಮನೆಯ ಹೆಸರಾದದ್ದು ಆಮೇಲೆ, 2006ರ ಕೊನೆಗೆ. ನಿಮ್ಮ ಶಿರಸಿಯಲ್ಲೇ ಬಾಲ್ಯ ಕಳೆದು, ಅಲ್ಲಿ ಯಕ್ಷಗಾನ ಮತ್ತು ಕಂಪನಿ ನಾಟಕ ನೋಡಿ ಬೆಳೆದ ಗಿರೀಶ ಕಾರ್ನಾಡರೇ ಶಂಕರನಾಗ್ ಅವರನ್ನು 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಕರೆತಂದದ್ದು. ಇಬ್ಬರೂ ನಮ್ಮ ಜಿಲ್ಲೆಯವರೇ ಎಂದು ನಾವು ಎದೆಯುಬ್ಬಿಸಬಹುದು, ಆದರೆ ಅವರು ಪರಸ್ಪರ ಸಿಕ್ಕಿದ್ದು ಹೊನ್ನಾವರದ ಬಂದರಿನಲ್ಲಲ್ಲ.

ಈಗ ಪ್ರಿಂಟೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಚಿತ್ರವನ್ನು ಡಿಜಿಟಲ್ ರೂಪದಲ್ಲಿ ಮಂದಿರಗಳಿಗೆ ತಲುಪಿಸುವ ಕ್ಯೂಬ್, ಯುಎಫ್‌ಓ ಕಂಪನಿಗಳು ಬಂದ ಮೇಲೆ ಬೆಂಗಳೂರಿನಲ್ಲಿ ಬಿಡುಗಡೆಯಾದ ಶುಕ್ರವಾರವೇ ಇಲ್ಲಿಯೂ ಚಿತ್ರ ಬೀಳುತ್ತದೆ. ಅದರಿಂದ ಪಾಳಿಯ ಅವಮಾನ ತಪ್ಪಿತು. ಆದರೆ ಊರವರೇ ಸೇರಿ ಚಿಕ್ಕ ಚಿತ್ರವೊಂದನ್ನು ಮಾಡಿದರೂ ಆ ಡಿಜಿಟಲ್ ಕಂಪನಿಗಳಿಗೆ ಪ್ರದರ್ಶನದ ಶುಲ್ಕ ಕಟ್ಟಲೇಬೇಕು. ಮೂವತ್ತು ಜನ ಕೂತ ಆಟಕ್ಕೆ ಅದು ಗಿಟ್ಟುವುದಿಲ್ಲ.

ಸೊಪ್ಪಿನಬೆಟ್ಟ (ಶಿರಸಿ) ಬರೆದದ್ದು:

ಇಬ್ಬರಿಗೂ ಕೃತಜ್ಞತೆಗಳು. ಡಬ್ಬಿಂಗಿನ ವಿಷಯವನ್ನು ಅತ್ತೆಗೆ ಓದಿ ಹೇಳಿದೆ. ಅವರಿಗೆ ಹಣದ ಲೆಕ್ಕ ಅರ್ಥವಾಯಿತು, ಆದರೆ ‘ಬಾಯಿ ನನ್ನದು, ಮಾತು ಅವಳದು, ಇದಕ್ಕೆ ನನ್ನನ್ನು ಒಂದು ಮಾತು ಕೇಳಬಾರದಿತ್ತೇ’ ಎಂಬ ಅವರ ತಕರಾರಿಗೆ ನನ್ನಲ್ಲಿ ಉತ್ತರವಿಲ್ಲ. ದೀಪಾವಳಿಯ ನಂತರ ಬರುವ ತಂಡದವರು ಈ ಸಲವೂ ಮನೆಯವರಲ್ಲಿ ಇಬ್ಬರು ಮೂವರನ್ನು ನಿಲ್ಲಿಸುವುದಾಗಿ ಹೇಳಿದ್ದಾರೆ. ಸಿಂಕ್ ಸೌಂಡ್ ಮಾಡಿ ಎಂದು ಮನೆ ಬಾಡಿಗೆಗೆ ಕೊಡುವವನು ಹೇಳಿದರೆ ಕೇಳುತ್ತಾರೆಯೇ?

ಮಾಗೋಡು ದಾರಿ (ಯಲ್ಲಾಪುರ) ಉತ್ತರಿಸಿದ್ದು:

ಕುಮಟೆಯವರ ಮಾತನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಎಲ್ಲವೂ ಮುಂಬಯಿಯ ಮೇಲಿನಿಂದಲೇ ಹೋಗಲಿಲ್ಲ. ಹೆಗ್ಗೋಡಿನ ದಾರಿಯೂ ಒಂದಿದೆ, ಮತ್ತು ಆ ದಾರಿಯಲ್ಲಿ ಹೋದವರು ಇನ್ನೂ ಬಡವರು. ಕೆ.ವಿ. ಸುಬ್ಬಣ್ಣನವರ ರಂಗಸಂಸ್ಥೆ, ಹೆಗ್ಗೋಡಿನ ನೀನಾಸಮ್, 1973ರಲ್ಲಿಯೇ ಚಿತ್ರಸಮಾಜವನ್ನು ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿತು. ಸಾಗರ ತಾಲ್ಲೂಕಿನಲ್ಲಿದ್ದರೂ ಸಿದ್ದಾಪುರ, ಶಿರಸಿ, ಯಲ್ಲಾಪುರದವರಿಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ನಮ್ಮ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗ ಹುಡುಗಿಯರು ನಾಟಕ ಕಲಿತದ್ದು ಅಲ್ಲಿ. ಪ್ರಶಾಂತ್ ಸಿದ್ದಿಯವರನ್ನು ನೀವೆಲ್ಲ ತೆರೆಯ ಮೇಲೆ ಕಂಡಿದ್ದೀರಿ. 2021ರ ‘ಸಲಗ’ ಚಿತ್ರದಲ್ಲಿ ಸಿದ್ದಿ ಹಾಡುಗಾರ್ತಿಯರ ದನಿಯನ್ನು ಡಬ್ಬಿಂಗ್ ಕೋಣೆ ತಿದ್ದಲಿಲ್ಲ, ಹಾಗೆಯೇ ಇಟ್ಟಿತು. ಆ ಹಾಡು ಕನ್ನಡ ನಾಡನ್ನೆಲ್ಲ ಕುಣಿಸಿತು. ಯಲ್ಲಾಪುರದ ಮದುವೆ ದಿಬ್ಬಣಗಳಲ್ಲಿ ಅದನ್ನು ಹಾಕಿದಾಗ ಸಿದ್ದಿ ಮುದುಕಿಯರು ಇದು ನಮ್ಮದು ಎಂದು ಮಕ್ಕಳಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಇದರ ಇನ್ನೊಂದು ಮುಖವೂ ಇದೆ. ಗುಂಗುರು ಕೂದಲು, ಕಪ್ಪು ಮೈ ಕಂಡೊಡನೆ ಖಳನಾಯಕನ ಬಂಟ, ಕಾಡಿನವನು, ಆಫ್ರಿಕಾದವನು, ಇವಿಷ್ಟೇ ಪಾತ್ರ ಹೊಳೆಯುವವರು ಬಹಳ. ಷೇಕ್ಸ್‌ಪಿಯರ್, ಕುವೆಂಪು ಅಭ್ಯಾಸ ಮಾಡಿ ಬಂದ ಹುಡುಗನಿಗೆ ಸಂಭಾಷಣೆಯೇ ಇಲ್ಲದೆ ಕತ್ತಿ ಹಿಡಿದು ನಿಲ್ಲಲು ಹೇಳುತ್ತಾರೆ. ಆಗ ಅನ್ನಿಸುವುದೇನೆಂದರೆ, ನಿಮ್ಮ ಅತ್ತೆಯವರ ಮಾತಾದರೂ ತಪ್ಪಾಗಿ ಕೇಳಿಸಿತು, ಇವನಿಗೆ ಕಳೆದುಕೊಳ್ಳಲು ಮಾತೇ ಇರಲಿಲ್ಲ.

ಹಾಗಾಗಿ ಬೇರು ಬಿಡುವ ಪ್ರಶ್ನೆ ಸ್ಟುಡಿಯೋ ಕಟ್ಟುವುದರಿಂದ ಬಗೆಹರಿಯುತ್ತದೆಂದು ನನಗೆ ತೋರುವುದಿಲ್ಲ. ಕಥೆ ಎಲ್ಲಿಯದು, ಬರೆದವರು ಯಾರು ಎಂಬುದು ಮೊದಲು. ಕಾಯ್ಕಿಣಿಯವರ ‘ಹಾಲಿನ ಮೀಸೆ’ ಕಥೆಯನ್ನು ಗಿರೀಶ ಕಾಸರವಳ್ಳಿಯವರು 2020ರಲ್ಲಿ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಎಂದು ಚಿತ್ರ ಮಾಡಿದರು. ಹಳ್ಳಿ ಬಿಟ್ಟು ಪೇಟೆಯ ಮನೆಗೆ ಕೆಲಸಕ್ಕೆ ಹೋಗುವ ಹುಡುಗನ ಆ ಕಥೆಗೆ ಯಾಣದ ಬಂಡೆಯ ಅಗತ್ಯ ಬೀಳುವುದಿಲ್ಲ. ಇನ್ನು ಕಾರವಾರದವರಿಗೆ ಒಂದು ಮಾತು: ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ 2004ರಿಂದ ಗೋವೆಯಲ್ಲೇ ನಡೆಯುತ್ತಿದೆ. ನಿಮ್ಮಿಂದ ಪಣಜಿಗೆ ಸುಮಾರು 100 ಕಿಲೋಮೀಟರ್, ಬೆಂಗಳೂರಿಗೆ ಅದರ ಐದು ಪಟ್ಟು. ಕೊಂಕಣಿ ಬಲ್ಲ ಹುಡುಗರು ಅತ್ತ ಮುಖ ಮಾಡಿದರೆ ತಪ್ಪೇನು?

ಕಾಳಿ ಸಂಗಮ (ಕಾರವಾರ) ಬರೆದದ್ದು:

ಯಲ್ಲಾಪುರದವರೇ, ನವೆಂಬರ್ ತಿಂಗಳಲ್ಲಿ ಪಣಜಿಗೆ ಹೋಗುವ ನಮ್ಮ ಹುಡುಗರಿದ್ದಾರೆ, ಆದರೆ ನೋಡುವವರಾಗಿ. ಮಾಡುವವರಾಗಿ ಹೋಗಲು ಹಣ ಹಾಕುವವರು ಬೇಕು, ಆ ಮಾತು ಬೇರೆ.

ಶಿರಸಿಯವರಿಗೆ ಉಪಯೋಗವಾಗುವ ಒಂದು ಉಪಾಯ ಹೇಳುತ್ತೇನೆ. ಸಿಂಕ್ ಸೌಂಡ್ ಮಾಡಿ ಎಂದರೆ ಖಂಡಿತ ಕೇಳುವುದಿಲ್ಲ. ಆದರೆ ವೈಲ್ಡ್ ಟ್ರ್ಯಾಕ್ ತೆಗೆಯಿರಿ ಎಂದು ಕೇಳಿ. ದೃಶ್ಯ ಮುಗಿದ ಕೂಡಲೇ ಜನರೇಟರ್ ನಿಲ್ಲಿಸಿ, ಅತ್ತೆಯವರನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಅದೇ ಮಾತನ್ನು ಅದೇ ವೇಗದಲ್ಲಿ ನಾಲ್ಕೈದು ಸಲ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳುವುದು. ಹತ್ತು ನಿಮಿಷದ ಕೆಲಸ, ಬೇರೆ ಖರ್ಚಿಲ್ಲ. ಒಂದು ಸಾಲಿನ ಮಾತನ್ನು ಸಂಕಲನದ ಹೊತ್ತಿಗೆ ತುಟಿಗೆ ಕೂಡಿಸುವುದು ಕಷ್ಟವಲ್ಲ. ಅಕ್ಕಿಮೂಟೆ, ಹಾಸಿಗೆ ತುಂಬಿದ ಕೋಣೆಯಾದರೆ ದನಿ ಪ್ರತಿಧ್ವನಿಸುವುದಿಲ್ಲ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಬಾಡಿಗೆಯ ಕರಾರಿನಲ್ಲಿಯೇ ಬರೆಸಿ, ತೆರೆಯ ಮೇಲೆ ಬರುವ ಕಲಾವಿದರ ಹೆಸರುಪಟ್ಟಿಯಲ್ಲಿ ಅತ್ತೆಯವರ ಹೆಸರು ಬರಬೇಕೆಂಬುದನ್ನೂ ಸೇರಿಸಿ. ಮುಂಗಡ ಠೇವಣಿ ತೆಗೆದುಕೊಳ್ಳಿ, ಮನೆಯ ಪ್ರತಿ ಕೋಣೆಯ ಚಿತ್ರವನ್ನು ಮೊದಲೇ ಮೊಬೈಲಿನಲ್ಲಿ ತೆಗೆದಿಡಿ. ಕಿಟಕಿಯ ಗಾಜಿನ ದುಡ್ಡು ಆಗ ತಾನಾಗಿ ಬರುತ್ತದೆ.

ಸೊಪ್ಪಿನಬೆಟ್ಟ (ಶಿರಸಿ) ಬರೆದದ್ದು:

ನಿನ್ನೆ ಆ ತಂಡದ ಮ್ಯಾನೇಜರ್ ಮನೆ ನೋಡಲು ಬಂದಿದ್ದರು. ವೈಲ್ಡ್ ಟ್ರ್ಯಾಕ್ ಎಂಬ ಪದ ಅಡಿಕೆ ತೋಟದವನ ಬಾಯಲ್ಲಿ ಬಂದದ್ದನ್ನು ಕೇಳಿ ಮೊದಲು ನಕ್ಕರು, ಆಮೇಲೆ ನಿರ್ದೇಶಕರಿಗೆ ಫೋನ್ ಮಾಡಿ ಕರಾರಿನ ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿಸಿದರು. ಮೆತ್ತಿಯ ಮೇಲಿನ ಭತ್ತದ ಕೋಣೆಯನ್ನು ತೋರಿಸಿದ್ದೇನೆ. ಅತ್ತೆಯೂ ಒಪ್ಪಿದ್ದಾರೆ. ಆದರೆ ಸಂಜೆ ಐದರ ನಂತರ ತಾನು ಕೊಟ್ಟಿಗೆಯಲ್ಲಿರುವುದರಿಂದ ಅಷ್ಟರೊಳಗೆ ಮುಗಿಸಬೇಕೆಂದೂ, ಈ ಸಲ ಚಹಾ ಎಂದಿದ್ದರೆ ಚಹಾ ಎಂದೇ ಹೇಳುತ್ತೇನೆ, ಆಸ್ರಿ ಎಂದಿದ್ದರೆ ಆಸ್ರಿ ಎಂದೇ ಹೇಳುತ್ತೇನೆ, ನಡುವೆ ಬದಲಾಯಿಸಬಾರದೆಂದೂ ಮ್ಯಾನೇಜರಿಗೆ ಖುದ್ದಾಗಿ ಹೇಳಿ ಕಳಿಸಿದರು.